ಕನ್ಸಲ್ಟಿಂಗ್‌ನಲ್ಲಿ ಮೊದಲ ಕಂಪನಿಯನ್ನು ಯಾವಾಗ ಬಿಡಬೇಕು?

ಉದ್ಯಮಗಳಿಗೆ ಸಲಹೆ ಕೊಡುವ ಕನ್ಸಲ್ಟಿಂಗ್ ಕಂಪನಿಗೆ ಸೇರಿ ಒಂದು ವರ್ಷವಾಗಿದೆ, ಬೇರೆ ಸಂಸ್ಥೆಯಿಂದ ಕರೆ ಬಂದಿದೆ, ಹೋಗಲೋ ಬೇಡವೋ ಅಂತ ಕೇಳಿದ್ದೀರಿ. ಸಂಬಳ ಜಾಸ್ತಿ ಅನ್ನೋದೊಂದೇ ಕಾರಣವಾದರೆ ಸ್ವಲ್ಪ ತಡೆಯಿರಿ.

ನಾನು ಮೊದಲು ನೋಡುವುದು ಪ್ರಾಜೆಕ್ಟ್‌ಗಳನ್ನು. ಕಳೆದ ಎರಡು ಪ್ರಾಜೆಕ್ಟ್‌ಗಳಲ್ಲಿ ಹೊಸದೇನು ಕಲಿತಿರಿ? ಕ್ಲೈಂಟ್ ಮುಂದೆ ಮಾತಾಡುವ ಅವಕಾಶ ಸಿಕ್ಕಿತಾ, ಇಲ್ಲಾ ಬರೀ ಸ್ಲೈಡ್ ತಿದ್ದುವುದೇ ಆಯಿತಾ? ಎರಡನೆಯದಾದರೆ, ಪ್ರಾಜೆಕ್ಟ್ ಹಂಚುವವರ ಹತ್ತಿರ ಬೇರೆ ತಂಡ ಕೇಳಿ ನೋಡಿ. ಒಳ್ಳೆಯ ಮ್ಯಾನೇಜರ್ ಸಿಕ್ಕರೆ ಅದೇ ಕಂಪನಿ ಬೇರೆಯೇ ಆಗಿ ಕಾಣುತ್ತದೆ. ಕೇಳಿಯೂ ಆರು ತಿಂಗಳು ಏನೂ ಬದಲಾಗದಿದ್ದರೆ ಹೊರಡಿ. ತಿಂಗಳುಗಟ್ಟಲೆ ಬೆಂಚ್ ಮೇಲೆ, ಅಂದರೆ ಯಾವ ಪ್ರಾಜೆಕ್ಟೂ ಕೊಡದೆ, ಕೂರಿಸಿದ್ದರಂತೂ ಅಷ್ಟು ಕಾಯುವುದೂ ಬೇಡ.

ಬಡ್ತಿ ಹತ್ತಿರವಿದ್ದರೆ ಅದನ್ನು ಪಡೆದೇ ಹೋಗುವುದು ಲೇಸು. ಹೊಸ ಸಂಸ್ಥೆ ನಿಮ್ಮನ್ನು ಸಾಮಾನ್ಯವಾಗಿ ಈಗಿನ ಹುದ್ದೆಯಿಂದಲೇ ಅಳೆಯುತ್ತದೆ. ಕೆಲವೊಮ್ಮೆ ಒಂದು ಮೆಟ್ಟಿಲು ಕೆಳಗೇ ಸೇರಿಸಿಕೊಳ್ಳುತ್ತದೆ. ಬಡ್ತಿಯ ಲೆಕ್ಕ ಅಲ್ಲಿ ಮತ್ತೆ ಸೊನ್ನೆಯಿಂದ ಶುರುವಾಗುತ್ತಾ ಅಂತ ಬಾಯಿಬಿಟ್ಟು ಕೇಳಿ, ಸುಮ್ನೆ ಊಹಿಸಬೇಡಿ.

ಸಹಿ ಮಾಡುವ ಮುನ್ನ ಹಳೆಯ ಒಪ್ಪಂದವನ್ನೂ ತೆಗೆದು ಓದಿ. ಸೇರುವಾಗ ಕೊಟ್ಟ ಬೋನಸ್ ವಾಪಸ್ ಕೇಳಬಹುದು. ಇಂತಿಷ್ಟು ಕಾಲ ಹಳೆಯ ಕ್ಲೈಂಟ್‌ಗಳಿಗೆ ಕೆಲಸ ಮಾಡಬಾರದು ಎಂಬ ಷರತ್ತೂ ಇರಬಹುದು.