ಸೋಷಿಯಲ್ ಸೆಕ್ರೆಟರಿಯ ಖಾಸಗಿ ಕಾಗದಪತ್ರಗಳನ್ನ ಯಾಕೆ ಜೋಪಾನವಾಗಿ ಇಟ್ಟಿರ್ತಾರೆ? ಅದ್ರಲ್ಲಿ ಅಂಥದ್ದೇನಿರುತ್ತೆ?

ಊಟಕ್ಕೆ ಯಾರನ್ನ ಕರೀಬೇಕು, ಯಾರ ಪಕ್ಕ ಯಾರು ಕೂರಬೇಕು ಅಂತ ನೋಡ್ಕೊಳ್ಳೋ ಕೆಲ್ಸ ಅದು, ಆದ್ರೆ ಆ ಕೆಲ್ಸದಲ್ಲಿರೋರು ದೊಡ್ಡವರ ಮನೆಯೊಳಗೇ ಇರೋದ್ರಿಂದ ಸರ್ಕಾರಿ ಫೈಲಲ್ಲಿ ಸಿಗದೇ ಇರೋದು ಅವರ ಕಾಗದಗಳಲ್ಲಿ ಸಿಗುತ್ತೆ. ಎಡಿತ್ ಬೆನ್ಹಮ್ ಹೆಲ್ಮ್ ಅವರನ್ನೇ ತಗೊಳ್ಳಿ. ಅಮೆರಿಕಾ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಹೆಂಡತಿಗೆ ಸೆಕ್ರೆಟರಿ ಆಗಿದ್ರು. 1918ರ ಡಿಸೆಂಬರ್‌ನಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲಿನ ಶಾಂತಿ ಸಮ್ಮೇಳನಕ್ಕೆ ಅಂತ ವಿಲ್ಸನ್ ದಂಪತಿ ಜೊತೆ ಪ್ಯಾರಿಸ್‌ಗೆ ಹೋದವರು, ಅಲ್ಲಿ ಅವರ ಜೊತೆನೇ ಊಟಕ್ಕೆ ಕೂರ್ತಿದ್ರು, ವಿಲ್ಸನ್ ಆಗ ಫ್ರಾನ್ಸ್ ಪ್ರಧಾನಿ ಕ್ಲೆಮಾನ್ಸೋ, ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಬಗ್ಗೆ ಮನಸ್ಸು ಬಿಚ್ಚಿ ಆಡಿದ ಮಾತನ್ನೆಲ್ಲ ತಾವು ಮದ್ವೆ ಆಗಬೇಕಿದ್ದ ನೌಕಾಪಡೆ ಅಧಿಕಾರಿಗೆ ಪತ್ರದ ರೂಪದಲ್ಲಿ ಡೈರಿ ಥರ ಬರೆದಿಟ್ರು. ಊಟದ ಟೇಬಲ್ ಮಾತನ್ನ ಯಾವ ಗುಮಾಸ್ತ ಬರ್ಕೋತಾನೆ ಹೇಳಿ! ವಿಲ್ಸನ್ ಕಾಗದಪತ್ರಗಳ 69 ಸಂಪುಟಗಳ ಸಂಗ್ರಹದಲ್ಲೂ ಈ ಡೈರಿ ಭಾಗಗಳು ಸೇರಿವೆ, ನನ್ನ ಪ್ರಕಾರ ಅದು ಅವರಿಗೆ ಸಿಗಲೇಬೇಕಾದ ಗೌರವ.

ಮುಂದೆ ಬಂದ ಅಧ್ಯಕ್ಷರ ಹೆಂಡತಿಯರಾದ ಎಲೀನರ್ ರೂಸ್ವೆಲ್ಟ್, ಬೆಸ್ ಟ್ರೂಮನ್ ಹತ್ರಾನೂ ಹೆಲ್ಮ್ ಇದೇ ಕೆಲ್ಸ ಮಾಡಿದ್ರು. ಹೆಲ್ಮ್ ಅವರ ಕಾಗದಪತ್ರಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.