ಹೊಟ್ಟೆಯ ಮೇಲೆ ಹೊರಿಸಬೇಡಿ

ರಾಣೆಬೆನ್ನೂರಿನ ನಿವೃತ್ತ ಮಾಸ್ತರರೊಬ್ಬರ ಪತ್ರ: "ಹೊಟ್ಟೆಗಿಲ್ಲದ ಜನ ಸರ್ವಾಧಿಕಾರಿಯನ್ನು ತಾವೇ ಕರೆತರುತ್ತಾರೆ. ಹಿಟ್ಲರ್ ಬಂದದ್ದು ಹಾಗೆಯೇ ಅಲ್ಲವೇ?"

ಮಾಸ್ತರರೇ, ಬಡತನದ ಪಾಲಿಲ್ಲ ಎನ್ನಲಾರೆ. 1928ರಲ್ಲಿ ಶೇ 2.6 ಮತ ಪಡೆದಿದ್ದ ನಾಜಿ ಪಕ್ಷ 1932ರ ಜುಲೈನಲ್ಲಿ ಶೇ 37 ದಾಟಿತು. ಆ ವರ್ಷ ಕೆಲಸವಿಲ್ಲದವರು 60 ಲಕ್ಷ. ಆದರೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿದ್ದ 1923ರಲ್ಲಿ ಅದೇ ಹಿಟ್ಲರ್ ದಂಗೆ ಎದ್ದು ಸಿಕ್ಕಿಬಿದ್ದ. ನಿರುದ್ಯೋಗ ಅಮೆರಿಕದಲ್ಲೂ ಇತ್ತು. ಅಲ್ಲಿನ ಜನ ರೂಸ್‌ವೆಲ್ಟ್‌ ಅವರನ್ನು ಆರಿಸಿದರು.

ಜರ್ಮನಿಯ ಸಮ್ಮಿಶ್ರ ಸರ್ಕಾರ 1930ರ ಮಾರ್ಚಿನಲ್ಲಿ ಬಿದ್ದದ್ದು ಯಾತಕ್ಕೆ ಗೊತ್ತೇ? ನಿರುದ್ಯೋಗ ವಿಮೆಯ ವಂತಿಗೆ ಅರ್ಧ ಪರ್ಸೆಂಟ್ ಏರಿಸಬೇಕೋ ಬೇಡವೋ ಎಂಬ ಜಗಳಕ್ಕೆ! ಮುಂದೆ ಚಾನ್ಸಲರ್, ಅಂದರೆ ಪ್ರಧಾನಿ, ಆಗಿ ಬ್ರೂನಿಂಗ್ ಬಂದರು. ಸಂವಿಧಾನದ 48ನೇ ವಿಧಿ ಹಿಡಿದು, ಅಧ್ಯಕ್ಷರ ಸುಗ್ರೀವಾಜ್ಞೆಗಳ ಮೇಲೆಯೇ ಆಡಳಿತ ನಡೆಸಿದರು. ಸಂಬಳ ಕಡಿದರು, ನಿರುದ್ಯೋಗಿಗಳ ಭತ್ಯೆಯನ್ನೂ ಬಿಡಲಿಲ್ಲ. ಸಂಸತ್ತು ಇದ್ದೂ ಇಲ್ಲದಂತಾಯಿತು. ಇನ್ನೊಂದು ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದೇ ಇಲ್ಲ: 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳು ಸುಮಾರು 20 ಲಕ್ಷ ಮತ ಕಳೆದುಕೊಂಡರು. ಜನ ಹಿಂದೆ ಸರಿಯುತ್ತಿದ್ದರು, ಮಾಸ್ತರರೇ! ಅಷ್ಟರಲ್ಲಿ ಮಾಜಿ ಚಾನ್ಸಲರ್ ಪಾಪೆನ್ ಹೋಗಿ 85ರ ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್‌ರ ಕಿವಿ ಊದಿದರು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್. ಸಂಪುಟದಲ್ಲಿ ಅವನೂ ಸೇರಿ ನಾಜಿಗಳು ಮೂವರೇ, ಹಿಡಿತದಲ್ಲಿಟ್ಟುಕೊಳ್ಳಬಹುದು ಎಂಬ ಲೆಕ್ಕ. ಎರಡು ತಿಂಗಳೊಳಗೆ ಸಂಸತ್ತು ತನ್ನ ಅಧಿಕಾರವನ್ನೆಲ್ಲ ಅವನಿಗೆ ಬರೆದುಕೊಟ್ಟಿತು. ವಿರೋಧಿಸಿದ್ದು 94 ಮತ, ಅಷ್ಟೂ ಸೋಶಿಯಲ್ ಡೆಮಾಕ್ರಟರದು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ.

ಉಳ್ಳಾಗಡ್ಡಿ ದರ ಬಿದ್ದಾಗ ಅಮರಗೋಳದ ಎಪಿಎಂಸಿಯಲ್ಲಿ ಚೀಲದ ಮೇಲೆ ಕೂತ ರೈತರ ಮಾತು ಕೇಳಿದ್ದೇನೆ. "ಗಾಡಿ ಬಾಡಿಗಿ ಸೈತ ಹುಟ್ಟಲಿಲ್ರೀ" ಎಂದರು, ಬೈದರು. ಚುನಾವಣೆಯೇ ಬೇಡ ಎಂದು ಒಬ್ಬರೂ ಅನ್ನಲಿಲ್ಲ. "ಮಿಲಿಟರಿ ಆಡಳಿತ ಬರಬೇಕ್ರೀ" ಎಂಬ ಮಾತು ನನ್ನ ಕಿವಿಗೆ ಬೀಳುವುದು ಧಾರವಾಡದಲ್ಲಿ, ತಿಂಗಳಾ ಪೆನ್ಶನ್ ತಪ್ಪದವರ ಪಡಸಾಲೆಯಲ್ಲಿ.

ಹುಬ್ಬಳ್ಳಿ-ಧಾರವಾಡ ಪಾಲಿಕೆ 2019ರಿಂದ 2021ರವರೆಗೆ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಚುನಾವಣೆ ಮಾಡಲಿಲ್ಲ. ಅಧಿಕಾರದಲ್ಲಿದ್ದ ಯಾವ ಪಕ್ಷಕ್ಕೂ ಅವಸರವಿರಲಿಲ್ಲ. ಓದು ಬಲ್ಲ ನಾವೂ ಕೇಳಲಿಲ್ಲ. ಹೊಟ್ಟೆಗಿಲ್ಲದವರ ವಿಚಾರ ಆಮೇಲೆ ಇರಲಿ. ಮುಂದಿನ ಪತ್ರ ನಿಮ್ಮ ತಾಲ್ಲೂಕು ಪಂಚಾಯಿತಿಯ ಮೇಲೆ ಬರೆಯಿರಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

— ಸಂ.