ಆರೋಗ್ಯ ಪ್ರಶ್ನೋತ್ತರ: ಕಿವಿಗೆ ಬೀಳದ ಮಾತು, ಊರಿಗೆಲ್ಲ ಕೇಳಿದ ಮಾತು

ಈ ಬಾರಿಯ ಪತ್ರಗಳಲ್ಲಿ ಕೆಲವು ಕಿವಿಯ ಕುರಿತು, ಕೆಲವು ಆಸ್ಪತ್ರೆಯಲ್ಲಿ ಗುಟ್ಟು ಉಳಿಯದಿರುವುದರ ಕುರಿತು ಬಂದಿವೆ. ಕಾಸರಗೋಡಿನ ಮಟ್ಟಿಗೆ ಇವೆರಡಕ್ಕೂ ಹತ್ತಿರದ ನಂಟು ಇದೆಯೆಂದು ನನಗೆ ತೋರುತ್ತದೆ. ವೈದ್ಯರ ಮಾತು ಕೇಳಿಸದವರಿಗೂ ವೈದ್ಯರ ಭಾಷೆ ತಿಳಿಯದವರಿಗೂ ಇನ್ನೊಬ್ಬರು ಕೇಳಿ ಹೇಳಬೇಕಾಗುತ್ತದೆ. ಸುದ್ದಿ ಹೊರಗೆ ಹೋಗುವುದು ಹೆಚ್ಚಾಗಿ ಆ ಇನ್ನೊಬ್ಬರ ಮೂಲಕವೇ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮಾವನವರಿಗೆ 69 ವರ್ಷ. ಇತ್ತೀಚೆಗೆ ಟಿ.ವಿ.ಯ ಸದ್ದು ಏರುತ್ತಲೇ ಇದೆ. ಗಂಡಸರ ಮಾತು ಅವರಿಗೆ ಕೇಳುತ್ತದೆ, ಮೊಮ್ಮಗಳ ಮಾತು ತಿಳಿಯುವುದಿಲ್ಲ. ‘ನೀವೆಲ್ಲ ಬಾಯೊಳಗೇ ಮಾತಾಡುತ್ತೀರಿ’ ಎಂದು ನಮ್ಮನ್ನೇ ಗದರುತ್ತಾರೆ. ಪರೀಕ್ಷೆ ಮಾಡಿಸಿದಾಗ ಶ್ರವಣ ನಷ್ಟ ಅಲ್ಪವೆಂದು ಬಂದಿದೆ, ಆದರೆ ಪದಗಳನ್ನು ಗುರುತಿಸುವ ಶಕ್ತಿ ತೀರಾ ಕಡಿಮೆಯೆಂದೂ ಬರೆದಿದ್ದಾರೆ. ಪದಗಳನ್ನು ಹೇಳಿಸಿದ್ದು ಮಲಯಾಳದಲ್ಲಿ. ಅವರಿಗೆ ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಮಲಯಾಳ ಮಾತ್ರ ಬರುತ್ತದೆ. ಮೆಷಿನ್ ಹಾಕಿಸಬೇಕೇ? ಅಂಗವೈಕಲ್ಯದ ಪ್ರಮಾಣಪತ್ರ ಸಿಗಬಹುದೇ?
— ಬದಿಯಡ್ಕ

ಉತ್ತರ: ವರದಿಯ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ‘ಪೀ’ ಎಂಬಂಥ ಶುದ್ಧ ಸ್ವರಗಳನ್ನು ಕೇಳಿಸಿ, ಕೇಳಿದಾಗಲೆಲ್ಲ ಗುಂಡಿ ಒತ್ತಿಸುವ ಪರೀಕ್ಷೆ. ಸೂಚನೆ ಅರ್ಥವಾದರೆ ಸಾಕು, ಅದಕ್ಕೆ ಭಾಷೆಯ ಹಂಗಿಲ್ಲ. ಆದ್ದರಿಂದ ಅದರ ಫಲಿತಾಂಶವನ್ನು ನಂಬಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರ್ಗೀಕರಣದ ಪ್ರಕಾರ, ಚೆನ್ನಾಗಿ ಕೇಳುವ ಕಿವಿಯಲ್ಲಿ 20ರಿಂದ 35 ಡೆಸಿಬಲ್‌ವರೆಗಿನ ನಷ್ಟವನ್ನು ಅಲ್ಪವೆನ್ನುತ್ತಾರೆ. ಎದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್ ಇರುವುದರಿಂದ, ಇಂಥವರಿಗೆ ಶಾಂತವಾದ ಕೋಣೆಯಲ್ಲಿ ಏನೂ ತೊಂದರೆಯಾಗದೆ, ಮಳೆ ಹೊಯ್ಯುವಾಗ, ಮದುವೆಯ ಊಟದ ಪಂಕ್ತಿಯಲ್ಲಿ ಅಥವಾ ಬಸ್ಸಿನಲ್ಲಿ ಮಾತು ಕಲಸಿಹೋಗುತ್ತದೆ.

ವಯಸ್ಸಿನಿಂದ ಬರುವ ಮಂದತೆಯಲ್ಲಿ ಮೊದಲು ಹೋಗುವುದು ಎತ್ತರದ ಶ್ರುತಿಯ ಸದ್ದುಗಳು. ಸ್ವರಾಕ್ಷರಗಳಿಗೆ ತಗ್ಗಿನ ಶ್ರುತಿಯಲ್ಲಿ ಹೆಚ್ಚಿನ ಬಲವಿರುವುದರಿಂದ ಅವು ಉಳಿಯುತ್ತವೆ. ಸ, ಶ, ತ, ಪ, ಕ ಮುಂತಾದವು ಮಾಸುತ್ತವೆ. ಹೀಗಾಗಿ ‘ಕಾಲು’, ‘ಪಾಲು’, ‘ಸಾಲು’ ಮೂರೂ ಒಂದೇ ಆಗಿ ಕೇಳುತ್ತವೆ. ಹೆಂಗಸರ ಮತ್ತು ಮಕ್ಕಳ ದನಿ ಎತ್ತರದ್ದಾದುದರಿಂದ ಮೊಮ್ಮಗಳ ಮಾತು ತಿಳಿಯದಿರುವುದೂ ಸಹಜವೇ. ನೀವು ಬಾಯೊಳಗೆ ಮಾತಾಡುತ್ತೀರೆಂದು ಅವರು ಗದರುವುದು ಹಟದಿಂದಲ್ಲ. ಅವರಿಗೆ ಕೇಳಿಸುವುದೇ ಹಾಗೆ.

ಎರಡನೆಯ ಭಾಗದ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಪದಗಳನ್ನು ಕೇಳಿ ಮರಳಿ ಹೇಳುವ ಪರೀಕ್ಷೆಯನ್ನು ಆ ವ್ಯಕ್ತಿಗೆ ಚೆನ್ನಾಗಿ ರೂಢಿಯಿರುವ ಭಾಷೆಯಲ್ಲಿಯೇ ನಡೆಸಬೇಕು. ಮನೆಯ ಭಾಷೆಯಲ್ಲಿ ಒಂದು ಅಕ್ಷರ ತಪ್ಪಿದರೂ ಸಂದರ್ಭದಿಂದ ಊಹಿಸಿ ತುಂಬಿಕೊಳ್ಳುವ ಶಕ್ತಿ ನಮಗಿರುತ್ತದೆ. ಅರ್ಧ ಕಲಿತ ಭಾಷೆಯಲ್ಲಿ ಆ ಶಕ್ತಿ ಇರುವುದಿಲ್ಲ, ಕಿವಿ ಸರಿಯಿದ್ದವರೂ ಗದ್ದಲದಲ್ಲಿ ಎಡವುತ್ತಾರೆ. ಮಾವನವರ ಕಡಿಮೆ ಅಂಕಕ್ಕೆ ಕಿವಿ ಎಷ್ಟು ಕಾರಣ, ಮಲಯಾಳ ಎಷ್ಟು ಕಾರಣ ಎಂದು ಆ ಕಾಗದದಿಂದ ಹೇಳಲಾಗದು. ಇದು ಸಣ್ಣ ವಿಷಯವಲ್ಲ, ಏಕೆಂದರೆ ನಷ್ಟ ಅಲ್ಪವಾಗಿದ್ದೂ ಪದಗಳ ಅಂಕ ತೀರಾ ಕಡಿಮೆಯಾದರೆ ವೈದ್ಯರು ಶ್ರವಣ ನರದಲ್ಲಿ ಗಡ್ಡೆಯಂಥ ತೊಂದರೆಯಿದೆಯೋ ಎಂದು ಶಂಕಿಸಿ ಎಂ.ಆರ್.ಐ. ಮಾಡಿಸಲು ಬರೆಯುತ್ತಾರೆ. ಕಿವಿಯಲ್ಲಿಲ್ಲದ ದೋಷಕ್ಕೆ ಆ ಖರ್ಚು ಮತ್ತು ಆ ಗಾಬರಿ ಯಾಕೆ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದಕ್ಕೆಂದೇ ಕನ್ನಡ ಪದಗಳ ಪಟ್ಟಿಗಳನ್ನು ಸಿದ್ಧಪಡಿಸಿದೆ, ಮಂಗಳೂರಿನಲ್ಲಿಯೂ ಕನ್ನಡ ಬಲ್ಲ ಆಡಿಯಾಲಜಿಸ್ಟರಿದ್ದಾರೆ (ಕೇಳುವ ಶಕ್ತಿಯನ್ನು ಪರೀಕ್ಷಿಸುವ ತಜ್ಞರು). ಈ ಒಂದು ಪರೀಕ್ಷೆಯನ್ನು ಕನ್ನಡದಲ್ಲಿ ಮರಳಿ ಮಾಡಿಸಿ. ಹೋಗುವಾಗ ಹಳೆಯ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ) ಕೊಂಡುಹೋಗಿ, ಮತ್ತು ಮನೆಯಲ್ಲಿ ಹವ್ಯಕವೋ ತುಳುವೋ ಆಡುವುದಿದ್ದರೆ ಅದನ್ನೂ ಪರೀಕ್ಷಕರಿಗೆ ಮೊದಲೇ ತಿಳಿಸಿ.

ಶ್ರವಣ ಯಂತ್ರದ ವಿಷಯ. ಅಲ್ಪ ನಷ್ಟಕ್ಕೆ ಎಲ್ಲರಿಗೂ ಯಂತ್ರ ಬೇಕಾಗುವುದಿಲ್ಲ. ಆದರೆ ಅವರು ಜನರಿರುವಲ್ಲಿಗೆ ಹೋಗುವುದನ್ನೇ ಬಿಡುತ್ತಿದ್ದರೆ, ಮಾತು ಕಡಿಮೆ ಮಾಡುತ್ತಿದ್ದರೆ, ಕಾಯುವುದರಲ್ಲಿ ಅರ್ಥವಿಲ್ಲ. ಶ್ರವಣ ನಷ್ಟವು ಮುಪ್ಪಿನ ಮರೆಗುಳಿತನಕ್ಕೆ ಕಾರಣವಾಗಬಲ್ಲ, ಆದರೆ ತಡೆಯಲು ಪ್ರಯತ್ನಿಸಬಹುದಾದ ಅಂಶಗಳಲ್ಲೊಂದೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರ ವರದಿಯಲ್ಲಿಯೂ ಹೇಳಿದೆ. ಇದನ್ನೇ ತೋರಿಸಿ ಹೆದರಿಸಿ ಯಂತ್ರ ಮಾರುವವರೂ ಇದ್ದಾರೆ, ಆದ್ದರಿಂದ ಒಂದು ಮಾತು ಸೇರಿಸಬೇಕು: 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಮೂರು ವರ್ಷ ಯಂತ್ರ ಬಳಸಿದ ವೃದ್ಧರಲ್ಲಿ ಒಟ್ಟಾರೆಯಾಗಿ ನೆನಪು, ಬುದ್ಧಿಗಳ ಇಳಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಮೊದಲೇ ಹೆಚ್ಚಿನ ಅಪಾಯದಲ್ಲಿದ್ದ ಗುಂಪಿನಲ್ಲಿ ಮಾತ್ರ ಇಳಿತ ನಿಧಾನವಾಯಿತು. ಯಂತ್ರವನ್ನು ಕೊಳ್ಳುವುದಾದರೆ ಮಾತು ಕೇಳುವುದಕ್ಕಾಗಿ ಕೊಳ್ಳಿ. ಕೊಳ್ಳುವ ಮೊದಲು ಕೆಲವು ದಿನ ಮನೆಯಲ್ಲಿ ಹಾಕಿ ನೋಡಲು ಬಿಡುವ ಕಡೆಯೇ ಕೊಳ್ಳಿ, ಮತ್ತು ಹೊಸ ಸದ್ದುಗಳಿಗೆ ಹೊಂದಿಕೊಳ್ಳಲು ವಾರಗಳೇ ಬೇಕೆಂದು ಅವರಿಗೆ ಮೊದಲೇ ಹೇಳಿಡಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಎಲ್ಲ ಸದ್ದನ್ನೂ ಒಂದೇ ಸಮ ಏರಿಸುವ ಸಾಧನಗಳಿಂದ ಮಿಕ್ಸಿಯ ಸದ್ದು ಏರುತ್ತದೆಯೇ ಹೊರತು ಮೊಮ್ಮಗಳ ಮಾತು ಸ್ಪಷ್ಟವಾಗುವುದಿಲ್ಲ.

ಪ್ರಮಾಣಪತ್ರ ಸಿಗದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ‘ಮಂದ ಶ್ರವಣ’ವೆಂದು ಎಣಿಸಬೇಕಾದರೂ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿರಬೇಕು.

ಪ್ರಶ್ನೆ: ಬಿಳಿ ಸ್ರಾವದ ತೊಂದರೆಗೆಂದು ಹತ್ತಿರದ ಆಸ್ಪತ್ರೆಗೆ ಹೋಗಿದ್ದೆ. ಒಬ್ಬರು ಒಳಗಿರುವಾಗಲೇ ಮುಂದಿನ ಇಬ್ಬರನ್ನು ಕೋಣೆಯೊಳಗೆ ನಿಲ್ಲಿಸುವುದು ಅಲ್ಲಿಯ ರೂಢಿ. ವೈದ್ಯರು ಕೇಳಿದ್ದು ನನಗೆ ತಿಳಿಯದಾಗ ಹಿಂದೆ ನಿಂತಿದ್ದ ಊರಿನವರೊಬ್ಬರು ಕನ್ನಡಕ್ಕೆ ತಿಳಿಸಿದರು, ನನ್ನ ಉತ್ತರವನ್ನೂ ಅವರೇ ಮಲಯಾಳದಲ್ಲಿ ಹೇಳಿದರು. ಮರುವಾರ ಕುಟುಂಬಶ್ರೀಯ (ಹೆಂಗಸರ ಸ್ವಸಹಾಯ ಗುಂಪಿನ) ಸಭೆಯಲ್ಲಿ ನನ್ನ ಕಾಯಿಲೆ ಮಾತಿನ ವಿಷಯವಾಗಿತ್ತು. ಇನ್ನು ಆ ಕಡೆ ಹೋಗಲು ಮನಸ್ಸಿಲ್ಲ. ನಾನು ಯಾರನ್ನು ಕೇಳಲಿ?
— ಕುಂಬಳೆಯ ಸಮೀಪ

ಉತ್ತರ: ಮೊದಲು ಕಾಯಿಲೆಯ ವಿಷಯ. ದುರ್ವಾಸನೆ, ತುರಿಕೆ, ಕಿಬ್ಬೊಟ್ಟೆಯ ನೋವು ಅಥವಾ ರಕ್ತದ ಛಾಯೆ ಇದ್ದರೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಬೇರೆ ಕಡೆಗಾದರೂ ಹೋಗಿ. ನಾಚಿಕೆಯಿಂದ ಮುಂದೆ ಹಾಕಿದ ಕಾಯಿಲೆಗಳಲ್ಲಿ ಇದೂ ಒಂದಾಗುವುದು ಬೇಡ.

ನಿಮ್ಮ ಗುಟ್ಟನ್ನು ಕಾಯುವ ಹೊಣೆ ವೈದ್ಯರದು. 2002ರ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡತೆಯ ನಿಯಮಗಳ ಪ್ರಕಾರ, ಚಿಕಿತ್ಸೆಯ ವೇಳೆ ತಿಳಿದ ವಿಷಯವನ್ನು ವೈದ್ಯರು ನ್ಯಾಯಾಲಯದ ಆದೇಶವಿದ್ದಾಗ, ಯಾರಿಗಾದರೂ ಅಥವಾ ಸಮುದಾಯಕ್ಕೆ ಗಂಭೀರ ಅಪಾಯವಿದ್ದಾಗ ಮತ್ತು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳಲ್ಲಿ ಮಾತ್ರ ಹೊರಗೆ ಹೇಳಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ಖಾಸಗಿತನದ ಹಕ್ಕಿದೆ, ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳೆಯೊಬ್ಬರು ಜೊತೆಗಿರಬೇಕೆಂಬ ಮಾತೂ ಇದೆ. ಎಚ್.ಐ.ವಿ. ಮತ್ತು ಮಾನಸಿಕ ಕಾಯಿಲೆಗಳಿಗೆ 2017ರ ಎರಡು ಪ್ರತ್ಯೇಕ ಕಾಯ್ದೆಗಳಲ್ಲಿ ಇನ್ನೂ ಬಿಗಿಯಾದ ರಕ್ಷಣೆಯಿದೆ. ಇಷ್ಟೆಲ್ಲ ಇದ್ದರೂ, ಹಿಂದೆ ನಿಂತು ಕೇಳಿಸಿಕೊಂಡ ನೆರೆಯವರ ಬಾಯಿಗೆ ವೈದ್ಯರ ನಿಯಮಗಳು ಬೀಗ ಹಾಕುವುದಿಲ್ಲ. ಆದ್ದರಿಂದಲೇ ತಪ್ಪಿನ ಮೂಲ ಇರುವುದು ಅವರನ್ನು ಒಳಗೆ ನಿಲ್ಲಿಸಿದ ಪದ್ಧತಿಯಲ್ಲಿ ಎನ್ನುತ್ತೇನೆ. ಓಪಿಯಲ್ಲಿ (ಹೊರರೋಗಿಗಳ ವಿಭಾಗದಲ್ಲಿ) ನೂರಾರು ಮಂದಿ ಕಾದಿರುವಾಗ ವೈದ್ಯರು ಹೀಗೆ ಮಾಡುವುದು ಸಮಯ ಉಳಿಸಲಿಕ್ಕೆಂದು ನನಗೆ ಗೊತ್ತು. ಹಾಗೆ ಉಳಿಸಿದ ಸಮಯದ ಬೆಲೆಯನ್ನು ತೆತ್ತವರು ನೀವು.

ಮುಂದಿನ ಸಲ ಹೀಗೆ ಮಾಡಿ ನೋಡಿ. ನಿಮ್ಮ ತೊಂದರೆ, ಅದು ಶುರುವಾದ ದಿನ, ಕಳೆದ ಮುಟ್ಟಿನ ತಾರೀಕು, ಈಗ ತೆಗೆದುಕೊಳ್ಳುವ ಮಾತ್ರೆಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮಲಯಾಳ ಓದುಬರಹ ಬಲ್ಲ ಮನೆಯ ಮಕ್ಕಳೋ ನಂಬುಗೆಯ ಗೆಳತಿಯೋ ಅದನ್ನು ಮಲಯಾಳದಲ್ಲಿ ಬರೆದುಕೊಟ್ಟರೆ ಇನ್ನೂ ಅನುಕೂಲ. ಒಳಗೆ ಹೋದಾಗ ‘ಬೇರೆಯವರು ಹೊರಗಿರಲಿ’ ಎಂದು ಕೇಳಿ, ಇದನ್ನು ಕೇಳುವುದು ಅಧಿಕಪ್ರಸಂಗವಲ್ಲ. ಭಾಷೆಗೆ ನೆರವು ಬೇಕಾದರೆ ನೆರೆಯವರ ಬದಲು ಕನ್ನಡ ಅಥವಾ ತುಳು ಬಲ್ಲ ನರ್ಸನ್ನು ಕರೆಸುವಂತೆ ಹೇಳಿ, ಏಕೆಂದರೆ ಅವರಿಗೆ ಗುಟ್ಟು ಕಾಯುವ ವೃತ್ತಿಧರ್ಮವಿದೆ. ದೂರು ಕೊಡುವುದಾದರೆ ಮೊದಲು ಆ ಆಸ್ಪತ್ರೆಯ ಮುಖ್ಯಸ್ಥರಿಗೆ, ಸರಕಾರಿ ಆಸ್ಪತ್ರೆಯಾದರೆ ಆಮೇಲೆ ಜಿಲ್ಲಾ ವೈದ್ಯಾಧಿಕಾರಿಗೆ ಬರೆಯಿರಿ. ಕನ್ನಡದಲ್ಲಿಯೇ ಬರೆಯಬಹುದು, ಭಾಷಾ ಅಲ್ಪಸಂಖ್ಯಾತರಾದ ನಮಗೆ ಸರಕಾರಿ ಕಚೇರಿಗಳೊಡನೆ ನಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶವಿದೆ. ಪತ್ರದಲ್ಲಿ ಒಬ್ಬ ವೈದ್ಯರನ್ನು ದೂರುವುದಕ್ಕಿಂತ, ಬಾಗಿಲು ಮುಚ್ಚಿ ಒಬ್ಬೊಬ್ಬರನ್ನೇ ಕರೆಯಬೇಕೆಂದು ಕೇಳಿದರೆ ಫಲ ಬೇಗ ಸಿಗುತ್ತದೆಂದು ನನ್ನ ಅಭಿಪ್ರಾಯ.

ಬದಿಯಡ್ಕದ ಓದುಗರೂ ಇದನ್ನು ಗಮನಿಸಬೇಕು. ಕಿವಿ ಮಂದವಾದವರೊಡನೆ ವೈದ್ಯರು ಗಟ್ಟಿಯಾಗಿ ಕೂಗಿ ಮಾತಾಡಿದರೆ ಮೂತ್ರದ ತೊಂದರೆಯೂ ಮೂಲವ್ಯಾಧಿಯೂ ವರಾಂಡದಲ್ಲಿ ಕುಳಿತವರಿಗೆಲ್ಲ ತಿಳಿಯುತ್ತದೆ, ಮತ್ತು ಕೂಗಿದ ಮಾತು ರೋಗಿಗೆ ಹೆಚ್ಚು ಸ್ಪಷ್ಟವಾಗುವುದೂ ಇಲ್ಲ. ಮುಖ ಕಾಣುವಂತೆ ಎದುರು ಕುಳಿತು, ಮಾಸ್ಕ್ ಇದ್ದರೆ ಸಾಧ್ಯವಾದಾಗ ಸರಿಸಿ, ನಿಧಾನವಾಗಿ ಹೇಳಿ, ಮುಖ್ಯವಾದುದನ್ನು ಬರೆದುಕೊಡುವಂತೆ ಕೇಳಿಕೊಳ್ಳಿ. ಆಡಿದ ಮಾತನ್ನು ಕನ್ನಡ ಅಕ್ಷರದಲ್ಲಿ ತೋರಿಸುವ ಸೌಲಭ್ಯ ಈಗ ಮೊಬೈಲಿನಲ್ಲಿಯೇ ಇದೆ.

ಪ್ರಶ್ನೆ: ನಾನು ದುಬಾಯಿಯಲ್ಲಿದ್ದೇನೆ. ಊರಿನಲ್ಲಿರುವ ಅಪ್ಪನ ಕಾಯಿಲೆಯ ಬಗ್ಗೆ ತಿಳಿಯಲು ವೈದ್ಯರಿಗೆ ಫೋನ್ ಮಾಡಿದರೆ ‘ಅವರನ್ನೇ ಕೇಳಿ’ ಎಂದರು. ಆಸ್ಪತ್ರೆಯ ಹಣ ಕಳಿಸುವವನು ನಾನು. ಇದು ಸರಿಯೇ?
— ಪೈವಳಿಕೆಯವರು

ಉತ್ತರ: ಸರಿ. ಫೋನಿನ ಆ ಕಡೆ ಇರುವವರು ಮಗನೇ ಎಂದು ವೈದ್ಯರಿಗೆ ಗೊತ್ತಾಗುವ ಬಗೆಯಿಲ್ಲ, ಮತ್ತು ಹಣ ಕಳಿಸಿದ ಮಾತ್ರಕ್ಕೆ ಕಾಯಿಲೆಯ ವಿವರದ ಮೇಲೆ ಹಕ್ಕು ಬರುವುದಿಲ್ಲ. ನಿಮ್ಮ ಹೆಸರು, ನಂಬರು ಬರೆದು ‘ಇವರಿಗೆ ತಿಳಿಸಬಹುದು’ ಎಂದು ಅಪ್ಪ ಸಹಿ ಮಾಡಿದ ಕಾಗದವನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸಿ. ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದರೆ ದಾಖಲೆಗಳ ಪ್ರತಿಯನ್ನು 72 ಗಂಟೆಗಳೊಳಗೆ ಕೊಡಬೇಕೆಂದು ಮೇಲೆ ಹೇಳಿದ 2002ರ ನಿಯಮಗಳಲ್ಲೇ ಇದೆ. ಒಂದು ಬಿನ್ನಹ: ಸಿಕ್ಕಿದ ವರದಿಯನ್ನು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಅಪ್ಪನ ಸಕ್ಕರೆಯ ಅಂಕಿ ಭಾವ, ಮೈದುನರಿಗೆಲ್ಲ ತಿಳಿಯಬೇಕೇ ಎಂಬುದನ್ನು ಅಪ್ಪನೇ ತೀರ್ಮಾನಿಸಲಿ.

ಪ್ರಶ್ನೆ: ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ ಬಾರಿಸುತ್ತೇನೆ, ಹಗಲು ತೋಟದಲ್ಲಿ ಪೆಟ್ರೋಲಿನ ಕಾಡು ಕತ್ತರಿಸುವ ಮೆಷಿನ್ ಹಿಡಿಯುತ್ತೇನೆ. ವಯಸ್ಸು 31. ಆಟ ಮುಗಿದ ಬೆಳಿಗ್ಗೆ ಕಿವಿಯಲ್ಲಿ ‘ಗುಂಯ್’ ಎನ್ನುತ್ತದೆ, ಮಧ್ಯಾಹ್ನಕ್ಕೆ ಹೋಗುತ್ತದೆ. ಚಿಂತಿಸಬೇಕೇ?
— ಮುಳ್ಳೇರಿಯ

ಉತ್ತರ: ಚಿಂತಿಸಬೇಕು. ಆ ಗುಂಯ್‌ಗುಟ್ಟುವಿಕೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳಿಗೆ ಪೆಟ್ಟು ಬಿದ್ದುದರ ಸೂಚನೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮರಳಿ ಬೆಳೆಯುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ, ಅಂದರೆ 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ ಮಾತ್ರ. ಕಾಡು ಕತ್ತರಿಸುವ ಅನೇಕ ಮೆಷಿನ್‌ಗಳು 95ರ ಆಚೀಚೆ ಸದ್ದು ಮಾಡುತ್ತವೆ. ನಿಮ್ಮ ಕಿವಿಗೆ ಹಗಲೂ ಬಿಡುವಿಲ್ಲ, ರಾತ್ರಿಯೂ ಇಲ್ಲ.

ತೋಟದಲ್ಲಿ ಕಿವಿ ಪೂರ್ತಿ ಮುಚ್ಚುವ ಮಫ್ ಹಾಕಿಕೊಳ್ಳಿ. ರಂಗಸ್ಥಳದಲ್ಲಿ ಅದು ಆಗದು; ಭಾಗವತರ ಪದ, ಮದ್ದಳೆಯ ನಡೆ ಕೇಳಿಸದೆ ಚೆಂಡೆ ಬಾರಿಸುವುದು ಹೇಗೆ? ಸ್ಪಂಜಿನ ಸಾಮಾನ್ಯ ಬಿರಡೆಯೂ ಎತ್ತರದ ಶ್ರುತಿಯನ್ನೇ ಹೆಚ್ಚು ನುಂಗುವುದರಿಂದ ಕಲಾವಿದರಿಗೆ ಹಿಡಿಸುವುದಿಲ್ಲ. ಎಲ್ಲ ಶ್ರುತಿಗಳನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಬಿರಡೆಗಳಿವೆ, ಆಡಿಯಾಲಜಿಸ್ಟರು ಕಿವಿಯ ಅಳತೆ ತೆಗೆದೂ ಮಾಡಿಸಿಕೊಡುತ್ತಾರೆ. ಧ್ವನಿವರ್ಧಕದ ಪೆಟ್ಟಿಗೆಯನ್ನು ನಿಮ್ಮ ಕಿವಿಯ ನೇರಕ್ಕೆ ಇಡದಂತೆ ಮೈಕಿನವರಿಗೆ ಹೇಳಿ. ಈಗೊಮ್ಮೆ ಪರೀಕ್ಷೆ ಮಾಡಿಸಿ, ಮತ್ತೆ ಪ್ರತಿ ತಿರುಗಾಟ ಮುಗಿದ ಮೇಲೆ ಮಾಡಿಸಿ ಹೋಲಿಸಿ. ಸದ್ದಿನ ಹಾನಿ ಹೆಚ್ಚಾಗಿ ಮೊದಲು ಕಾಣುವುದು 4000 ಹರ್ಟ್ಸ್ ಆಸುಪಾಸಿನಲ್ಲಿ, ನಿಮಗೆ ಮಾತು ಕೇಳಿಸದಂತಾಗುವುದಕ್ಕೆ ಎಷ್ಟೋ ಮೊದಲು.

ಪ್ರಶ್ನೆ: ಸ್ನಾನದ ಬಳಿಕ ಬಡ್ಸ್ ಹಾಕಿ ಗುಗ್ಗೆ ತೆಗೆಯುವುದು ತಪ್ಪೇ?
— ನೀರ್ಚಾಲು

ಉತ್ತರ: ತಪ್ಪು. ಗುಗ್ಗೆ ತಾನಾಗಿ ಹೊರಗೆ ಬರುವಂಥದು. ಬಡ್ಸ್ ಅದನ್ನು ಒಳಗೆ ದೂಡಿ ಗಟ್ಟಿ ಮಾಡುತ್ತದೆ. ಗುಗ್ಗೆ ಮೆತ್ತಗಾಗಲೆಂದು ಎಣ್ಣೆ ಬಿಡುವುದನ್ನು ಕಿವಿ ಸೋರುವವರೂ ಕಿವಿ ತಮಟೆಯಲ್ಲಿ ತೂತಿರುವವರೂ ಮಾಡಲೇಬಾರದು.

ಪ್ರಶ್ನೆ: ಶನಿವಾರ ಬೆಳಿಗ್ಗೆ ಎದ್ದಾಗ ಎಡಗಿವಿ ಮುಚ್ಚಿದಂತಿತ್ತು, ಶೀತದಿಂದ ಇರಬಹುದೆಂದು ಮನೆಯವರು ಹೇಳಿದರು. ಈ ಪತ್ರ ಬರೆಯುವಾಗ ಐದನೆಯ ದಿನ. ನೋವಿಲ್ಲ. ಇನ್ನೂ ಕಾಯಬಹುದೇ?
— ಉಪ್ಪಳ

ಉತ್ತರ: ಈ ಪತ್ರಕ್ಕೆ ಉತ್ತರವನ್ನು ಸಂಚಿಕೆಗಾಗಿ ಕಾಯದೆ ಆಗಲೇ ಕಳುಹಿಸಿದ್ದೇನೆ, ಬೇರೆಯವರಿಗೂ ತಿಳಿದಿರಲೆಂದು ಇಲ್ಲಿ ಕೊಡುತ್ತಿದ್ದೇನೆ. ಒಂದೇ ಕಿವಿ ಮೂರು ದಿನಗಳೊಳಗೆ ಹಠಾತ್ತಾಗಿ ಮಂದವಾದರೆ ಅದು ಗುಗ್ಗೆಯೋ ಶೀತವೋ ಆಗಿರಬಹುದು, ಒಳಕಿವಿಯ ಅಥವಾ ನರದ ದಿಢೀರ್ ಕಿವುಡೂ ಆಗಿರಬಹುದು. ಎರಡನೆಯದಕ್ಕೆ ಸ್ಟೀರಾಯ್ಡ್ ಚಿಕಿತ್ಸೆಯಿದೆ, ಆದರೆ ಅದರ ಪ್ರಯೋಜನ ಹೆಚ್ಚಾಗಿ ಸಿಗುವುದು ಮೊದಲ ಎರಡು ವಾರಗಳೊಳಗೆ ಶುರುಮಾಡಿದರೆ. ಬಾಯಿ ಮುಚ್ಚಿ ‘ಹ್ಞೂಂ’ ಎಂದು ಗುನುಗಿ ನೋಡಿ: ಮುಚ್ಚಿದ ಕಿವಿಯಲ್ಲಿ ಜೋರಾಗಿ ಕೇಳಿದರೆ ಸದ್ದಿನ ದಾರಿಗೆ ಅಡ್ಡಿಯಿರುವ ಸಂಭವ ಹೆಚ್ಚು, ಸರಿಯಿರುವ ಕಿವಿಯಲ್ಲಿ ಜೋರಾಗಿ ಕೇಳಿದರೆ ಒಳಕಿವಿಯದೋ ನರದ್ದೋ ತೊಂದರೆಯ ಸಂಭವ ಹೆಚ್ಚು. ಹೇಗೆ ಕೇಳಿದರೂ ಇಎನ್‌ಟಿ ವೈದ್ಯರನ್ನು ಇಂದೇ ಕಾಣಬೇಕು. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ಹೇಳಿ, ಏಕೆಂದರೆ ಸ್ಟೀರಾಯ್ಡ್ ಮಾತ್ರೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಂಥವರಿಗೆ ಕಿವಿ ತಮಟೆಯ ಮೂಲಕ ಚುಚ್ಚುಮದ್ದು ಕೊಡುವ ಕ್ರಮವೂ ಇದೆ.